ನೀರಾದ ಅಂಗಳ

ಭಂಕೂರ
21 ಜುಲೈ 2024

ಸೊಸೆ ಶ್ರುತಿಗೆ ಅಂಬರಾಯ ಮಾಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಮೊದಲು ಬರೆಯಬೇಕು, ಸುದ್ದಿ ಆಮೇಲೆ ಬರೆಯಬೇಕು ಎಂದು ನಮ್ಮ ಊರ ಶಾಲೆಯ ಮಾಸ್ತರರು ಕಿವಿ ಹಿಂಡಿ ಕಲಿಸಿದ್ದರು. ಈ ಸಲ ಆ ಕ್ಷೇಮವನ್ನು ಎರಡು ಪಾಲು ಮಾಡಬೇಕಾಗಿದೆ. ನಿನ್ನ ಅವ್ವ, ಅಂದರೆ ನನ್ನ ಅಕ್ಕ, ಮಂಚದ ಮೇಲೆ ಕ್ಷೇಮ. ಮಂಚದ ಕೆಳಗಿನ ಕ್ಷೇಮ ನನಗೆ ಗೊತ್ತಿಲ್ಲ, ಯಾಕೆಂದರೆ ನೀನು ಚಿಂಚೋಳಿಯ ಬಸ್ಸು ಹತ್ತಿದ ದಿನದಿಂದ ಅವಳು ಕೆಳಗೆ ಕಾಲಿಟ್ಟಿಲ್ಲ. ಬಚ್ಚಲಿಗೆ ಹೋಗಲೇಬೇಕಾದಾಗ ನಾನು ಅಂಗಳದ ತುಂಬ ಗೋಣಿಚೀಲ ಹಾಸುತ್ತೇನೆ. ಅವಳು ನನ್ನ ಹೆಗಲು ಹಿಡಿದು, ಕಣ್ಣು ಮುಚ್ಚಿ ಹೋಗಿ ಬರುತ್ತಾಳೆ. ರಾಣಿಯರಿಗೂ ಇಂಥ ಹಾಸು ಇರಲಿಲ್ಲ ನೋಡು.

ಫೋನು ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫರಸಿ ಕಲ್ಲು ಕೊಯ್ಯುವ ಮಷೀನಿನ ಪಕ್ಕದಲ್ಲಿ ವಯಸ್ಸು ಕಳೆದ ಕಿವಿ ಇದು. ಫೋನು ಹಚ್ಚಿದರೆ ಒಳಗೆ ಜೇನುಹುಳ ಎದ್ದ ಹಾಗೆ ಸದ್ದು, ಮಾತು ಮಾತ್ರ ಇಲ್ಲ. ಎದುರಿಗಿದ್ದವರ ಮಾತಾದರೆ ತುಟಿ ನೋಡಿ ತಿಳಿಯುತ್ತೇನೆ. ಅಕ್ಷರ ಕಿವುಡನಿಗೂ ಕೇಳಿಸುತ್ತದೆ. ನನ್ನ ಅಕ್ಷರ ಮುತ್ತಿನಂತೆ ಎಂದು ಹಿಂದೆ ಇಡೀ ಭಂಕೂರಿನವರು ಕಾಗದ ಬರೆಸಲು ನನ್ನ ಮನೆಗೇ ಬರುತ್ತಿದ್ದರು.

ಈಗ ಮುಖ್ಯ ಮಾತು. ಅಂಗಳದಲ್ಲಿ ಬಿದ್ದು ಮುರಿದ ಅವಳ ಕೈಗೆ ಡಾಕ್ಟರು ಪಟ್ಟಿ ಹಾಕುವಾಗ ನೀನು ನನ್ನ ಕಡೆ ತಿರುಗಿ, "ಮಾಮಾ, ಆ ನೆಲಾನೇ ಕೆಡವಿದ್ದು" ಅಂದೆ. ಮಂದಿಯ ಮುಂದೆ ಅಂದೆ. ಆದರೆ ಆ ನೆಲ ಎಂಥದು ಎಂದು ನಿನಗೆ ಗೊತ್ತಿರಲಿ. ವಾಡಿಯಲ್ಲಿ, ಸೇಡಂದಲ್ಲಿ, ಚಿತ್ತಾಪುರದಲ್ಲಿ ಸಾಹುಕಾರರ ಮನೆಗಳಿಗೆ ನಾನು ಪಾಲಿಶ್ ಹಿಡಿದಿದ್ದೇನೆ. ಚಿತ್ತಾಪುರದ ಒಂದು ಮನೆಯಲ್ಲಿ ಬೆಕ್ಕು ನನ್ನ ನೆಲದಲ್ಲಿ ತನ್ನ ಮುಖ ಕಂಡು, ಇನ್ನೊಂದು ಬೆಕ್ಕು ಬಂತೆಂದು ಸಂಜೆಯವರೆಗೆ ಗುರುಗುಟ್ಟಿ ಕೊನೆಗೆ ಮನೆಯನ್ನೇ ಬಿಟ್ಟುಹೋಯಿತು. ಆ ನೆಲವೂ ನಮ್ಮ ಒಳ ಅಂಗಳದ ಮುಂದೆ ಸಾಟಿಯಲ್ಲ. ಇದನ್ನು ನಾನು ನನ್ನ ಅಕ್ಕನಿಗೆಂದು ಉಜ್ಜಿದ್ದು. ಅವಳೂ ದಿನಾ ಕೊಬ್ಬರಿ ಎಣ್ಣೆಯ ಅರಿವೆಯಿಂದ ಒರೆಸಿ ಒರೆಸಿ ಅದನ್ನು ಕನ್ನಡಿ ಮಾಡಿದಳು. ಆ ದಿನ ಬಚ್ಚಲಿನಿಂದ ಒದ್ದೆ ಕಾಲಿನಲ್ಲಿ ಬಂದವಳು ಅವಳು. ನೆಲ ಎಲ್ಲಿಗೂ ಹೋಗಿರಲಿಲ್ಲ, ತನ್ನ ಜಾಗದಲ್ಲೇ ಇತ್ತು.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆ ಹುಟ್ಟಿಸಿದ್ದು ಮುರಿದ ಕೈಯಲ್ಲ. ನಿನ್ನೆ ಮಳೆ ನಿಂತ ಮೇಲೆ ಮೋಡ ಸರಿದು ಬಿಸಿಲು ಬಂತು. ಇಡೀ ಆಕಾಶ ಅಂಗಳಕ್ಕೆ ಇಳಿಯಿತು. ಅಕ್ಕ ಸೂರಿನ ಕೆಳಗಿನ ಮಂಚದ ಅಂಚಿನಿಂದ ಬಗ್ಗಿ ನೋಡಿದಳು, ನೋಡಿ ಕಾಲು ಮೇಲೆ ಎಳೆದುಕೊಂಡಳು.

"ಅಂಬ್ಯಾ, ಇದು ಎಷ್ಟ್ ಆಳ ಅದನೋ?" ಎಂದು ಕೇಳಿದಳು.

ನಾನು ನಕ್ಕೆ. ಅವಳು ನಗಲಿಲ್ಲ.

ಇಂತಿ ನಿನ್ನ ಮಾಮ,
ಅಂಬರಾಯ


ಚಿಂಚೋಳಿ
30 ಜುಲೈ 2024

ಮಾಮಾ, ನಮಸ್ಕಾರ.

ನಿಮ್ಮ ಮುತ್ತಿನಂಥ ಅಕ್ಷರ ತಲುಪಿತು. ಓದಿ ಮೊದಲು ನಕ್ಕೆ. ಗೋಣಿಚೀಲದ ಮಾತು ಬಂದಾಗ ಎದ್ದು ನಿಂತೆ. ಕೈ ಮುಗಿಯುತ್ತೇನೆ, ಇವತ್ತೇ ಆ ಚೀಲಗಳನ್ನು ತೆಗೆಯಿರಿ. ನುಣುಪು ನೆಲದ ಮೇಲೆ ಹಾಸಿದ ಚೀಲ ಕಾಲಿನ ಸಂಗಡ ಜಾರುತ್ತದೆ. ಎಣ್ಣೆಯ ಅರಿವೆಯನ್ನು ಒಲೆಗೆ ಹಾಕಿ.

ಇಲ್ಲಿ ದವಾಖಾನೆಯಲ್ಲಿ ದಿನಾ ನನ್ನ ಹತ್ತಿರ ಬಿದ್ದವರು ಬರುತ್ತಾರೆ. ಮೂಳೆ ಕೂಡಿಸುವವರು ಬೇರೆ, ಮತ್ತೆ ನಡೆಸುವ ಕೆಲಸ ನನ್ನದು. ಮೂಳೆ ಬೇಗ ಕೂಡುತ್ತದೆ ಮಾಮಾ. ಹೆದರಿಕೆ ಕೂಡಿಕೊಂಡರೆ ಬಿಡಿಸುವುದು ಕಷ್ಟ. ಬಿದ್ದವರು ಹೆದರಿ ಕೂರುತ್ತಾರೆ, ಕೂತಲ್ಲಿ ಕಾಲಿನ ಬಲ ಇಳಿಯುತ್ತದೆ, ಬಲ ಇಳಿದ ಕಾಲು ಮತ್ತೆ ಬೀಳಿಸುತ್ತದೆ. ಅವ್ವ ಈಗ ಆ ದಾರಿಯಲ್ಲಿದ್ದಾಳೆ. ಅವಳು ಫೋನಿನಲ್ಲಿ "ನಾ ಆರಾಮ ಅದೀನಿ" ಅನ್ನುತ್ತಾಳೆ. ಎಲ್ಲಿ ಕೂತು ಆರಾಮ ಎಂದು ಹೇಳುವುದಿಲ್ಲ.

ಹೀಗೆ ಮಾಡಿ. ಆ ನೆಲಕ್ಕೆ ಉಳಿ ಹಿಡಿದು ಒರಟು ಮಾಡಿ. ಅವ್ವ ಮಲಗಿದಲ್ಲಿಂದ ಒಮ್ಮೆಲೇ ಏಳುವುದು ಬೇಡ, ಮೊದಲು ಕೂತು, ಉಸಿರು ತೆಗೆದುಕೊಂಡು, ಆಮೇಲೆ ಏಳಲಿ. ಕೈ ಊರದೆ ಮಂಚದಿಂದ ಎದ್ದು ನಿಂತು ಮತ್ತೆ ಕೂರುವುದನ್ನು ಮಾಡಿಸಿ. ಅದು ಬಂದ ಮೇಲೆ ಕಂಬ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವುದು. ಅದೂ ಬಂದ ಮೇಲೆ ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿಟ್ಟು ಗೋಡೆಯ ಪಕ್ಕ ನಡೆಯುವುದು. ದಿನಾ, ಊಟದ ಹಾಗೆ.

ಎಳ್ಳಮಾವಾಸ್ಯೆಯವರೆಗೆ ನಾನು ಕಾಯುತ್ತೇನೆ. ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲಲು ಅವ್ವ ತನ್ನ ಕಾಲಿನಿಂದ ತಲಬಾಗಿಲು ದಾಟಿ ಬಂದರೆ ಅವಳು ನಿಮ್ಮವಳು, ಅಲ್ಲೇ ಇರಲಿ. ದಾಟದಿದ್ದರೆ ಆ ಮರುದಿನವೇ ಚಿಂಚೋಳಿಗೆ ಕರೆದುಕೊಂಡು ಬರುತ್ತೇನೆ. ಇಲ್ಲಿ ನನ್ನ ಬಾಡಿಗೆ ಮನೆಯ ನೆಲ ಒರಟು ಸಿಮೆಂಟಿನದು, ಅದರಲ್ಲಿ ಏನೂ ಕಾಣುವುದಿಲ್ಲ.

ಇನ್ನೊಂದು ಮಾತು. ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ನೀವು ಓಣಿಯ ಉದ್ದಕ್ಕೂ ಗೋಡೆಗೆ ಕೈ ಹಚ್ಚಿಕೊಂಡು ನಡೆದಿರಿ. ಯಾವಾಗಿನಿಂದ?

ನಿಮ್ಮ
ಶ್ರುತಿ


ಭಂಕೂರ
18 ಆಗಸ್ಟ್ 2024

ಸೊಸೆ ಶ್ರುತಿಗೆ ಆಶೀರ್ವಾದಗಳು.

ಗೋಡೆಯ ವಿಷಯ. ಅದು ಹಳೆಯ ಗೋಡೆ, ಮಳೆಗೆ ನೆನೆದಿತ್ತು. ಬಿದ್ದೀತೆಂದು ನಾನೇ ಅದನ್ನು ಹಿಡಿದಿದ್ದೆ. ಈ ಮಾತು ಇಲ್ಲಿಗೆ ಮುಗಿಯಿತು.

ಚೀಲ ತೆಗೆದೆ. ಅರಿವೆ ಸುಟ್ಟೆ. ಅದು ಉರಿದ ಪರಿ ನೋಡಬೇಕಿತ್ತು, ಮದುವೆ ಮನೆಯ ದೀವಟಿಗೆಯಂತೆ. ಸೋಪಿನ ನೀರು ಹಾಕಿ ನೆಲ ತೊಳೆದೆ. ಜಿಡ್ಡು ಹೋಯಿತು, ಹೊಳಪು ಹೋಗಲಿಲ್ಲ. ನನ್ನ ಕೈಯ ಹೊಳಪು ಸೋಪಿಗೆ ಹೋಗುವಂಥದಲ್ಲ. ಆಮೇಲೆ ಉಳಿಯ ಮಾತೆತ್ತಿದೆ.

"ಅಕ್ಕಾ, ಈ ನೆಲಾ ಒಂದೀಟು ಒರಟು ಮಾಡಿಬಿಡ್ಲ್ಯಾ?"

"ಯಾವ ನೆಲಾ?"

"ಇದೇ ನೆಲಾ."

"ನಿನ್ನ ಕೈ ಸೇದಿಹೋಗ್ಲಿ! ಸೇಡಂದ ಮಂದಿ ಬಂದು ಫೋಟೋ ತಕ್ಕೊಂಡು ಹೋಗ್ಯಾರ ಇದರದ್ದು. ಸಂಜಿಮುಂದ ಹಕ್ಕಿ ಗೂಡಿಗಿ ಹೋಗೂವಾಗ ಇದರಾಗ ಹಾದು ಹೋಗ್ತಾವ. ಕುಂತಲ್ಲೇ ನಾ ಎಲ್ಲಾ ನೋಡ್ತೀನಿ. ಅದರ ಮ್ಯಾಲ ಉಳಿ ಇಡ್ತಿ?"

"ಹಂಗಾರ ಅದರ ಮ್ಯಾಲ ನಡಿ."

"ನೀರಿನ ಮ್ಯಾಲ ಹೆಂಗ ನಡೀಲೋ ಅಂಬ್ಯಾ?"

ಇದು ಹಟವಲ್ಲ ಶ್ರುತಿ. ಹಟವಾಗಿದ್ದರೆ ನಾನು ಗೆಲ್ಲುತ್ತಿದ್ದೆ, ಹಟದಲ್ಲಿ ನನ್ನನ್ನು ಮೀರಿದವರಿಲ್ಲ. ಅದು ಫರಸಿ ಎಂದು ಅವಳಿಗೆ ಗೊತ್ತು. ಅವಳ ಕಾಲಿಗೆ ಗೊತ್ತಿಲ್ಲ. ಬಿದ್ದ ದಿನ ನೆಲ ಅವಳನ್ನು ಹಿಡಿಯಲಿಲ್ಲ, ನೀರಿನ ಹಾಗೆ ಬಿಟ್ಟುಕೊಟ್ಟಿತು. ಆವತ್ತಿನಿಂದ ಕಾಲು ಅದನ್ನು ನೀರು ಎಂದೇ ತಿಳಿದಿದೆ.

ಮೊನ್ನೆ ಮಧ್ಯಾಹ್ನ ಊಟ ಮಾಡಿ ಕಂಬಕ್ಕೆ ಒರಗಿದ್ದಾಗ ಸಣ್ಣ ನಿದ್ದೆ ಬಂತು. ಅದರೊಳಗೆ ಒಂದು ಕನಸು. ಶಹಾಬಾದದ ಹಾದಿಯಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಗಳು ಮಳೆನೀರು ತುಂಬಿ ಹಸಿರಾಗಿ ನಿಲ್ಲುತ್ತವಲ್ಲ, ನಮ್ಮ ಅಂಗಳ ಹಾಗೆ ನಿಂತಿತ್ತು. ನಾನು ಉಜ್ಜಿದ ಕಲ್ಲುಗಳೆಲ್ಲ ತಳದಲ್ಲಿ ಮಲಗಿದ್ದವು. ಅಕ್ಕನ ಮಂಚ ಮೇಲೆ ತೆಪ್ಪದ ಹಾಗೆ ಸಾವಕಾಶ ತಿರುಗುತ್ತಿತ್ತು. ಅವಳು ಅದರ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕೂಗುತ್ತಿದ್ದೆ. ಅವಳಿಗೆ ಕೇಳಿಸುತ್ತಿರಲಿಲ್ಲ. ಕಿವುಡ ನಾನು, ಕನಸಿನಲ್ಲಿ ಕೇಳಿಸದಿದ್ದುದು ಅವಳಿಗೆ.

ಎಚ್ಚರವಾದಾಗ ಕಾಗಿಣಾ ನದಿ ನೆನಪಾಯಿತು. ನಿನ್ನ ಅಜ್ಜಿಯ ತವರು ನದಿಯ ಆಚೆಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಮಂದಿ ದಾಟಲೆಂದು ಹೆಜ್ಜೆಗೊಂದು ಕಲ್ಲು ಇಟ್ಟಿರುತ್ತಿದ್ದರು. ಅಕ್ಕ ಮುಂದೆ, ನಾನು ಅವಳ ಲಂಗದ ಚುಂಗು ಹಿಡಿದು ಹಿಂದೆ. "ನೀರು ನೋಡಬ್ಯಾಡ, ಕಲ್ಲು ನೋಡು" ಎಂದು ಹೇಳುತ್ತಾ ದಾಟಿಸುತ್ತಿದ್ದಳು. ಎಂದೂ ಜಾರಲಿಲ್ಲ.

ಅಂದಮೇಲೆ ಈ ಅಂಗಳಕ್ಕೆ ಬೇಕಾದದ್ದು ಆ ಕಲ್ಲುಗಳು. ಆದರೆ ಅವಳು ಉಳಿ ಮುಟ್ಟಗೊಡುವುದಿಲ್ಲ. ನಾನು ಒಂದು ಉಪಾಯ ಹೂಡಿದ್ದೇನೆ. ನಾಳೆಯಿಂದ ತಲೆ ತಿರುಗುವವನ ವೇಷ ಹಾಕುತ್ತೇನೆ. ತಮ್ಮ ಬೀಳುತ್ತಾನೆ ಎಂದರೆ ಅಕ್ಕ ಮಂಚದ ಮೇಲೆ ಕೂರುವವಳಲ್ಲ. ಹಿಂದೆ ಊರ ಬಯಲಾಟದಲ್ಲಿ ನಾನು ಭೀಮನಾಗಿ ಬಂದಾಗ ಎದುರಿಗೆ ನಿಂತ ದುರ್ಯೋಧನ ನಿಜವಾಗಿಯೂ ಹೆದರಿ ಓಡಿದ್ದನ್ನು ನೀನು ಕೇಳಿರಬೇಕು. ಈ ವೇಷ ನನಗೆ ಯಾವ ಲೆಕ್ಕ?

ಇಂತಿ,
ಅಂಬರಾಯ ಮಾಮ


ಭಂಕೂರ
29 ಸೆಪ್ಟೆಂಬರ್ 2024

ಸೊಸೆ ಶ್ರುತಿಗೆ.

ಆಟ ರಂಗೇರಿದೆ. ಅಕ್ಕನ ಕೈಯ ಪಟ್ಟಿ ಬಿಚ್ಚಿದ್ದು ನಿನಗೆ ಗೊತ್ತೇ ಇದೆ, ನೀನೇ ಬಂದಿದ್ದೆ. ನೀನು ಹೋದ ಮೇಲಿನದನ್ನು ಬರೆಯುತ್ತೇನೆ.

ಒಂದು ಬೆಳಗ್ಗೆ ಕಂಬ ಹಿಡಿದು, "ಅಕ್ಕಾ, ಮನಿ ತಿರಗಾಕತ್ತದ" ಎಂದು ನಿಂತೆ. ಅವಳು ಕೌದಿಯ ಸೂಜಿ ಬಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನೀನು ಅವಳಿಗೆ ಹೇಳಿಕೊಟ್ಟ ವ್ಯಾಯಾಮಗಳನ್ನೆಲ್ಲ ಅವಳು ಅಲ್ಲಿಂದಲೇ ನನಗೆ ಹೇಳತೊಡಗಿದಳು. "ಒಂದ ಕಾಲ ಎತ್ತು. ಕಂಬ ಬಿಡಬ್ಯಾಡ. ಕೆಳಗ ನೋಡಬ್ಯಾಡ, ಎದುರಿಗಿ ನೋಡು." ನಾನು ಈ ನುಣುಪಿನ ಮೇಲೆ ಕಾಲು ನಿಲ್ಲದು, ಮಂಚದ ಪಕ್ಕ ಒಂದು ರೊಟ್ಟಿಯಷ್ಟು ಜಾಗವನ್ನಾದರೂ ಒರಟು ಮಾಡಿಕೊಳ್ಳುತ್ತೇನೆ ಎಂದು ಅಳುಮುಖ ಮಾಡಿದೆ. ಅವಳು ಕೌದಿ ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ, "ಒಂದ ರೊಟ್ಟಿಯಷ್ಟು. ಹೆಚ್ಚಿಗಿ ಒಂದ್ ಬೆರಳೂ ಬ್ಯಾಡ" ಅಂದಳು.

ಶಹಾಬಾದಕ್ಕೆ ಹೋಗಿ ಮಜೀದಸಾಬನ ಹತ್ತಿರ ಉಳಿ ಕೇಳಿದೆ. ಅವನೂ ನಾನೂ ಒಂದೇ ಪಾಲಿಶ್ ಮಷೀನಿನ ಎರಡು ಬದಿಗೆ ನಿಂತು ಮುದುಕರಾದವರು. ನನ್ನ ಮುಖ ನೋಡಿ, "ಏನಪಾ, ಜಿಂದಗಿ ಪೂರಾ ಕಲ್ಲು ನುಣ್ಣಗ ಮಾಡಿದಿ, ಈಗ ಒರಟು ಮಾಡಾಕ ಬಂದೀದಿ. ಇಷ್ಟ್ ವರ್ಷ ಉಲ್ಟಾ ಕೆಲಸ ಮಾಡೀವೇನು ನಾವು?" ಎಂದು ನಕ್ಕ. ಆದರೂ ತನ್ನ ಒಳ್ಳೆಯ ಉಳಿಯನ್ನೇ ಕೊಟ್ಟ.

ಬೀಸುಕಲ್ಲು ಸವೆದಾಗ ಚುಕ್ಕಿ ಚುಕ್ಕಿ ಹೊಡೆದು ಮತ್ತೆ ಒರಟು ಮಾಡುತ್ತಾರಲ್ಲ, ಹಾಗೆ ಹೊಡೆದೆ. ಮೊದಲ ಏಟು ಬಿದ್ದಾಗ ಕನ್ನಡಿಯೊಳಗಿನ ಆಕಾಶಕ್ಕೆ ಒಂದು ಬಿಳಿ ಚುಕ್ಕೆ ಬಿತ್ತು. ನಾನು ಉಳಿ ಕೆಳಗಿಟ್ಟು ಕಂಬಕ್ಕೆ ಒರಗಿ ಕೂತೆ. ಅದೂ ವೇಷದ ಒಂದು ಭಾಗ ಎಂದು ತಿಳಿ.

ಈಗ ದಿನಾ ನಡೆಯುವುದನ್ನು ಕೇಳು. ಅಕ್ಕ ಮಂಚದ ಅಂಚಿಗೆ ಕೂತೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾಳೆ. ಒಲೆ ಮಂಚದ ಪಕ್ಕಕ್ಕೇ ಬಂದಿದೆ, ಅದನ್ನೂ ಕೇಳಬೇಡ. ರೊಟ್ಟಿ ಹಂಚಿಗೆ ಬಿದ್ದ ಕೂಡಲೇ ನಾನು ದೂರದಲ್ಲಿ ಕಂಬ ಹಿಡಿದು ಒಂದು ಕಾಲು ಎತ್ತಬೇಕು. ಅದು ಉಬ್ಬುವ ತನಕ ಇಳಿಸುವಂತಿಲ್ಲ.

"ಅಕ್ಕಾ, ಉಬ್ಬಿತೇನ?"

"ಇಲ್ಲ."

"ವಾಸನಿ ಬರಾಕತ್ತದಲ್ಲ, ಹೊತ್ತಿತು ನೋಡು!"

"ಹೊತ್ತಿದ್ರ ಹೊತ್ತಿದ್ದೇ ತಿನ್ನು. ರೊಟ್ಟಿ ಉಬ್ಬಿಲ್ಲ ಇನ್ನಾ. ಕಾಲ ಇಳಿಸಬ್ಯಾಡ."

ಬೇಕೆಂದೇ ಹಿಟ್ಟು ಬಿರುಸಾಗಿ ನಾದುತ್ತಾಳೆ, ಬೇಗ ಉಬ್ಬಬಾರದೆಂದು. ನಾನು ಬಲ್ಲೆ.

ಒಂದು ದಿನ ನಾನು ಬೇಕೆಂದೇ ತಪ್ಪು ತಪ್ಪಾಗಿ ನಿಂತೆ. ಅವಳಿಗೆ ಸಿಟ್ಟು ಬಂತು. "ಹಂಗಲ್ಲೋ ಕತ್ತೀ, ಹಿಂಗ" ಎಂದು ಕೈ ಊರದೆ ಎದ್ದಳು. ಎದ್ದು ಆ ರೊಟ್ಟಿಯಷ್ಟು ಜಾಗದಲ್ಲಿ ನಿಂತಳು! ಮಂಚದ ಪಕ್ಕದ ಕಂಬ ಹಿಡಿದು ಒಂದು ಕಾಲು ಎತ್ತಿ ತೋರಿಸಿದಳು. ಹಿಟ್ಟು ಮೆತ್ತಿದ ಕೈ, ಎದುರು ಗೋಡೆಯ ಮೇಲೆ ಕಣ್ಣು, ಸುತ್ತ ಮೋಡ ಹರಿಯುವ ನೀರು, ನಡುವೆ ಒಂದು ಕಲ್ಲಿನ ಮೇಲೆ ನನ್ನ ಅಕ್ಕ. ಕೊಕ್ಕರೆ ನಿಂತ ಹಾಗೆ. ಮಾತಾಡಿದರೆ ಹಾರಿಹೋದಾಳು ಅನ್ನಿಸಿತು.

ಆಮೇಲೆ ಅವಳ ಪಾದಕ್ಕೆ ಒಣ ಜೋಳದ ಹಿಟ್ಟು ಸವರಿ, "ಇನ್ನೊಂದು ಹೆಜ್ಜಿ ಎಲ್ಲಿ ಇಡಬೇಕು ಅಂತ ನನಗ ತೋರಿಸು" ಅಂದೆ. ನನ್ನ ತೋಳು ಹಿಡಿದು ಇಟ್ಟಳು. ಹಿಟ್ಟಿನ ಗುರುತು ಬಿದ್ದಲ್ಲಿ, ಅವಳು ಬೈಯುತ್ತಿದ್ದರೂ, ಇನ್ನೊಂದು ರೊಟ್ಟಿ ಕೆತ್ತಿದೆ. ಹೀಗೆ ಮಂಚದಿಂದ ಬಚ್ಚಲಿಗೆ ದಾರಿಯಾಯಿತು. ಈಗ ತಲಬಾಗಿಲಿನ ಕಡೆ ಹೊರಟಿದ್ದೇವೆ. ವಿಚಿತ್ರ ಏನೆಂದರೆ, ಮೊದಲು ಕೆತ್ತಿದವು ಒತ್ತೊತ್ತಾಗಿವೆ, ಆಮೇಲಿನವು ದೂರ ದೂರ. ಅವಳ ಹೆಜ್ಜೆ ಬೆಳೆಯುತ್ತಿದೆ.

ನನ್ನ ಉಪಾಯದ ಬಗ್ಗೆ ನಿನ್ನ ದವಾಖಾನೆಯ ದೊಡ್ಡ ಡಾಕ್ಟರಿಗೂ ಹೇಳು. ಬೇಕಾದರೆ ನಾನು ಬಂದು ಕಲಿಸುತ್ತೇನೆ.

ಇಂತಿ,
ಅಂಬರಾಯ ಮಾಮ


ಭಂಕೂರ
17 ನವೆಂಬರ್ 2024

ಶ್ರುತಿಗೆ ಮಜೀದಸಾಬನ ಸಲಾಮು. ನಿನ್ನ ಅವ್ವ ಚಂದಮ್ಮಕ್ಕ ಬರೆಸುತ್ತಿದ್ದಾಳೆ. ಆಡಿದ ಹಾಗೇ ಬರಿ, ತಿದ್ದಬೇಡ ಅಂದಿದ್ದಾಳೆ. ತಿದ್ದುತ್ತಿಲ್ಲ.

ಶ್ರುತಿ, ನಿಮ್ಮ ಮಾಮಾ ಹಿಟ್ಟಿನ ಗಿರಣಿಗಿ ಹೋಗ್ಯಾನ. ಫೋನೂ ಅವನ ಕಿಸೇದಾಗೇ ಹೋಗ್ಯದ. ಕೇಳಸಲ್ಲ ಖರೇ, ಗತ್ತಿಗಿ ಇಟ್ಕೊಂಡು ತಿರಗ್ತಾನ. ಅವ ಮನ್ಯಾಗಿದ್ದಾಗ ಮಾತಾಡಿದ್ರ ನನ್ನ ತುಟಿ ನೋಡೇ ಎಲ್ಲಾ ತಿಳ್ಕೊಂತಾನ ಆ ಕಿವುಡ. ಅದಕ್ಕ ಬರಸಾಕತ್ತೀನಿ.

ತಾ ವೇಷಾ ಹಾಕೀನಿ ಅಂತ ನಿನಗ ಬರದಿರ್ಬೇಕು. ಅಕ್ಕಗ ಗೊತ್ತಿಲ್ಲ ಅಂತ ತಿಳ್ಕೊಂಡಾನ. ಅವನ್ನ ಎತ್ತಿ ಆಡಿಸಿದಾಕಿ ನಾ. ಬಯಲಾಟದಾಗ ಭೀಮ ಆದಾಗ ಗದಾ ಹೊರಲಾರದ ತಾನೇ ಬಿದ್ದಿದ್ದ, ಅದನ್ನ ಹೇಳ್ಯಾನೇನು ನಿನಗ? ವೇಷಾ ಹಾಕಿದವ ಮಂದಿ ನೋಡೂವಾಗ ತೂಗ್ಯಾಡ್ತಾನ. ಇವ ಯಾರೂ ಇಲ್ಲದಾಗ ತೂಗ್ಯಾಡ್ತಾನ. ಮಗ್ಗಲಾ ಹೊಳ್ಳಿ ಏಳೂವಾಗ ಕಣ್ಣು ಮುಚ್ಚಿ ಮಂಚಾ ಹಿಡಕೊಂಡು ಕುಂದರ್ತಾನ. ದೀಪಾವಳಿ ಮುಂದ ಕೊಟ್ಟಿಗ್ಯಾಗ ಬಿದ್ದ. ಎಮ್ಮಿ ದಬ್ಬಿತು ಅಂದ. ಎಮ್ಮಿ ಆಗ ಮೇಯಾಕ ಹೋಗಿತ್ತು.

ನನಗ ನೀರು ಕಾಣೋದು ಇನ್ನಾ ಪೂರಾ ಹೋಗಿಲ್ಲ. ಮುಂಜಾನೆ ಬಿಸಿಲು ಬಿದ್ದಾಗ ಎದಿ ಝಲ್ ಅಂತದ. ಆದ್ರ ಬಾಗಿಲ ತನಕ ನಾ ಒಬ್ಬಾಕಿನೇ ಹೋಗಿ ಬರಬಲ್ಲೆ. ಅವನಿಗಿ ತೋರಿಸಿಲ್ಲ. "ಅಂಬ್ಯಾ, ಹೆದರಿಕಿ ಆಗ್ತದ, ನೀ ಮೊದಲ ಮಾಡಿ ತೋರ್ಸು" ಅಂತೀನಿ. ಅಂದ್ರ ಮಾಡ್ತಾನ. ಇಲ್ಲಾಂದ್ರ ಅವ ಎಲ್ಲಿ ಕಾಲ ಎತ್ತತಾನ?

ನೀ ನನ್ನ ಚಿಂಚೋಳಿಗಿ ಒಯ್ದಿ ಅಂದ್ರ ಅವನ್ನ ರೊಟ್ಟಿ ಉಬ್ಬೂ ತನಕ ನಿಲ್ಲಸವರು ಯಾರು? ಇದನ್ನ ತೆಲ್ಯಾಗ ಇಟ್ಕೊ. ಅವನಿಗಿ ಹೇಳಬ್ಯಾಡ. ಹೇಳಿದ್ರ ಅವತ್ತಿಂದ ಒಂದು ಕಾಲೂ ಎತ್ತಲ್ಲ.

ಮಜೀದಸಾಬ ಯಾಕೋ ಕಣ್ಣು ಒರಸ್ಕೊಳ್ಳಾಕತ್ತಾನ. ಸಾಕು ಬಿಡು.

ಚಂದಮ್ಮ

(ಒಲೆಯ ಹೊಗೆಗೆ ಕಣ್ಣು ಉರಿಯಿತು, ಅಷ್ಟೇ. — ಮಜೀದಸಾಬ)


ಚಿಂಚೋಳಿ
5 ಡಿಸೆಂಬರ್ 2024

ಮಾಮಾ, ನಮಸ್ಕಾರ.

ನಿಮ್ಮ ಉಪಾಯವನ್ನು ಇಲ್ಲಿ ಎಲ್ಲರಿಗೂ ಹೇಳಿದೆ. ಒಬ್ಬ ಅಜ್ಜಿ ಈಗ ನಮ್ಮಲ್ಲಿ ಹಾಲು ಉಕ್ಕುವ ತನಕ ಒಂಟಿ ಕಾಲಿನಲ್ಲಿ ನಿಲ್ಲುತ್ತಾರೆ. ಒಲೆಯಿಂದ ದೂರ, ಗೋಡೆ ಹಿಡಿದು. ನಿಮ್ಮ ಹೆಸರು ಕೇಳಿದರು. ಹೇಳಿದ್ದೇನೆ.

ಆದರೆ ನಿಮ್ಮ ವೇಷದಲ್ಲಿ ಒಂದು ಕೊರತೆಯಿದೆ. ತಲೆ ತಿರುಗುವುದು ಒಂದೇ ಬಗೆಯದಲ್ಲ. ಕೆಲವರಿಗೆ ಎದ್ದಾಗ, ಕೆಲವರಿಗೆ ಮಗ್ಗುಲು ಬದಲಿಸಿದಾಗ, ಕೆಲವರಿಗೆ ತಿನ್ನುವ ಗುಳಿಗೆಯಿಂದ. ನೀವು ಯಾವ ಬಗೆಯದನ್ನು ಕಟ್ಟುತ್ತಿದ್ದೀರಿ ಎಂದು ಅವ್ವನಿಗೆ ಅನುಮಾನ ಬಂದರೆ ಆಟ ಕೆಡುತ್ತದೆ. ಅದಕ್ಕೇ ಕಲಬುರಗಿಯಲ್ಲಿ ಕಿವಿಯ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ನೀವು ತಿನ್ನುವ ಗುಳಿಗೆಗಳನ್ನೂ ಒಯ್ಯಿರಿ. ಪಾತ್ರ ಪಕ್ಕಾ ಆಗುತ್ತದೆ. ಜೊತೆಗೆ ಮಜೀದಚಾಚಾ ಬರುತ್ತಾರೆ, ನಾನು ಮಾತಾಡಿದ್ದೇನೆ.

ಎಳ್ಳಮಾವಾಸ್ಯೆಗೆ ಬರುತ್ತೇನೆ. ಹೊಲದಲ್ಲಿ ಅವ್ವನ ಕೈ ಬಿಡಬೇಡಿ.

ನಿಮ್ಮ
ಶ್ರುತಿ


ಭಂಕೂರ
12 ಜನವರಿ 2025

ಸೊಸೆ ಶ್ರುತಿಗೆ ಆಶೀರ್ವಾದಗಳು.

ಎಳ್ಳಮಾವಾಸ್ಯೆಯ ದಿನ ನೀನು ಬೇವಿನ ಮರದ ಕೆಳಗೆ ಬಜ್ಜಿ, ಕಡುಬು ಹರವುತ್ತಿದ್ದೆ. ಮಜೀದಸಾಬ ಸಜ್ಜಿ ರೊಟ್ಟಿಯ ಮೇಲೆ ಕಣ್ಣಿಟ್ಟು ಕೂತಿದ್ದ. ಅಕ್ಕ ಬೆಳಗ್ಗೆ ತಲಬಾಗಿಲು ದಾಟಿದ್ದನ್ನು ನೀನು ಕಂಡೆ, ಬದುವಿನ ಮೇಲೆ ನಡೆದದ್ದನ್ನು ಕಂಡೆ, ಕಂಡು ಸೆರಗಿನಿಂದ ಮುಖ ಮುಚ್ಚಿಕೊಂಡೆ. ನನಗೆ ಕಿವಿ ಇಲ್ಲ, ಕಣ್ಣಿವೆ. ಆದರೆ ಹೊಲದ ಆಚೆ ತುದಿಯಲ್ಲಿ ನಡೆದದ್ದು ನಿನಗೆ ಕಾಣಲಿಲ್ಲ, ನೀನು ಕೂತಿದ್ದೆ, ನಡುವೆ ಜೋಳ ಎದೆಯೆತ್ತರ ನಿಂತಿತ್ತು. ಅದನ್ನು ಬರೆಯುತ್ತೇನೆ. ಓದಿ ಹರಿದು ಹಾಕು.

ನಾನು ಚರಗದ ಬುಟ್ಟಿ ಹಿಡಿದು ಮುಂದೆ ಇದ್ದೆ, ಅಕ್ಕ ನೀರಿನ ತಂಬಿಗೆ ಹಿಡಿದು ಹಿಂದೆ. ಒಂದು ತುತ್ತು ಎಡಕ್ಕೆ ಚೆಲ್ಲಿ ಬಲಕ್ಕೆ ತಿರುಗಿದೆ. ತಿರುಗಿದ್ದು ನಾನೊಬ್ಬನೇ ಅಲ್ಲ. ಇಡೀ ಜೋಳದ ಹೊಲ ಎದ್ದು ಹರಿಯತೊಡಗಿತು. ತೆನೆಗಳೆಲ್ಲ ತೆರೆಯಾದವು, ಎರೆಮಣ್ಣಿನ ಬಿರುಕುಗಳಿಂದ ಆಕಾಶ ಕೆಳಗಿಳಿದು ಕಾಣುತ್ತಿತ್ತು. ದೂರದಲ್ಲಿ ನೀನು, ಮರ, ಮಜೀದಸಾಬ ಎಲ್ಲರೂ ತೇಲುತ್ತಿದ್ದಿರಿ. ಎಷ್ಟು ಆಳವಿತ್ತೋ ಗೊತ್ತಿಲ್ಲ. ಅಕ್ಕ ಕೇಳಿದ ಆ ಪ್ರಶ್ನೆ ಅದೇ ಎಂದು ಆಗ ತಿಳಿಯಿತು.

"ಅಕ್ಕಾ, ನೆಲಾ ಓಡಾಕತ್ತದ" ಅಂದೆ.

ಅವಳು ತಂಬಿಗೆ ಕೆಳಗಿಟ್ಟಳು. ಮುರಿದು ಕೂಡಿದ ಕೈಯಿಂದ ನನ್ನ ಮೊಣಕೈ ಹಿಡಿದಳು. ನಾನು ಅವಳ ತುಟಿ ನೋಡುತ್ತಿದ್ದೆ.

"ಓಡ್ಲಿ ಬಿಡು. ನೀ ಓಡಬ್ಯಾಡ. ರೊಟ್ಟಿ ಉಬ್ಬಿಲ್ಲ ಇನ್ನಾ."

ನಿಂತೆ. ಅವಳ ಮುಖ ನೋಡುತ್ತ ನಿಂತೆ. ತೆರೆಗಳು ಸಾವಕಾಶ ಇಳಿದು ಮತ್ತೆ ಜೋಳವಾದವು. ಅವಳಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ನನಗೆ ಸಿಟ್ಟು ಬಂತು.

"ನಿನಗ ನೀರು ಕಾಣಲ್ಲೇನ ಈಗ? ಇಷ್ಟ್ ದಿನಾ ನನ್ನ ಮುಂದ ನಾಟಕ ಆಡಿದ್ಯಾ?"

"ಕಾಣ್ತದ. ನಿನಗ ಕಾಣ್ತದಲ್ಲ, ಹಂಗೇ. ಹಿಡಕೋ, ನಾ ಮುಂದ ನಡೀತೀನಿ. ನೀರು ನೋಡಬ್ಯಾಡ."

ನಾನು ಅವಳ ಸೆರಗಿನ ಚುಂಗು ಹಿಡಿದು ಬಂದೆ. ಮರದ ಹತ್ತಿರ ಬರುವಾಗ ಚುಂಗು ಬಿಟ್ಟು ಅವಳ ಕೈ ಹಿಡಿದೆ. ನೀನು, "ಅವ್ವನ್ನ ಛಂದ ಹಿಡಕೊಂಡು ಬಂದ್ರಿ ಮಾಮಾ" ಅಂದೆ. ನಾನು ಹೌದು ಅಂದೆ. ಅಕ್ಕ ನನ್ನ ಎಲೆಗೆ ಒಂದು ಕಡುಬು ಹೆಚ್ಚಿಗೆ ಹಾಕಿದಳು.

ಮೊನ್ನೆ ಮಜೀದಸಾಬ ನನ್ನನ್ನು ಕಲಬುರಗಿಗೆ ಎಳೆದುಕೊಂಡು ಹೋದ. ಡಿಸೆಂಬರಿನಲ್ಲೇ ಹೋಗಬೇಕಿತ್ತು, ಆಗ ನನಗೆ ಪಾತ್ರ ಪಕ್ಕಾ ಇದೆ ಎಂಬ ಭರವಸೆ ಇತ್ತು. ಡಾಕ್ಟರು ನನ್ನನ್ನು ಮಲಗಿಸಿ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿದರು. ಕಿವಿಯ ಒಳಗೆ ಸಣ್ಣ ಸುಣ್ಣದ ಹರಳುಗಳು ಇರುತ್ತವಂತೆ, ಅವು ಜಾಗ ಬಿಟ್ಟು ಸರಿದರೆ ಲೋಕ ತಿರುಗುತ್ತದಂತೆ. ನನ್ನವು ಸರಿದಿದ್ದವು. ತಲೆ ಹೊರಳಿಸಿಯೇ ಅವನ್ನು ಜಾಗಕ್ಕೆ ಕಳಿಸಿದರು. ಒಂದು ಗುಳಿಗೆಯನ್ನೂ ಕಡಿಮೆ ಮಾಡಿದರು. ಕೇಳಿದೆಯಾ ಶ್ರುತಿ, ಸುಣ್ಣದ ಕಲ್ಲು! ನಮ್ಮ ಶಹಾಬಾದ ಫರಸಿಯೂ ಅದೇ. ಜೀವಮಾನವೆಲ್ಲ ಕಲ್ಲು ಹೊತ್ತವನ ಕಿವಿಯೊಳಗೂ ಖಣಿ. ಎಲ್ಲರ ಕಿವಿಯಲ್ಲೂ ಇರುತ್ತವೆ ಎಂದರು ಡಾಕ್ಟರು. ಇರಲಿ, ನನ್ನವು ಶಹಾಬಾದದವು. ಮತ್ತೆ ಸರಿಯಬಹುದು, ಸರಿದರೆ ಬಾ ಎಂದಿದ್ದಾರೆ. ಕಾಲಿನ ಅಭ್ಯಾಸ ಬಿಡಬೇಡ ಎಂದೂ ಹೇಳಿದರು. ಮಜೀದಸಾಬ ಅದನ್ನು ಮನೆಗೆ ಬಂದು ಅಕ್ಕನಿಗೆ ವರದಿ ಮಾಡಿದ, ಚಾಡಿಕೋರ.

ಹಾಗಾಗಿ ನಿನ್ನೆ ಮತ್ತೆ ಉಳಿ ಹಿಡಿದೆ. ಅಕ್ಕನ ಹೆಜ್ಜೆಗಳ ಪಕ್ಕಕ್ಕೆ, ಮಂಚದಿಂದ ತಲಬಾಗಿಲವರೆಗೆ ಇನ್ನೊಂದು ಸಾಲು. ಇದು ನನ್ನದು. ಅಕ್ಕ ಮಂಚದ ಅಂಚಿಗೆ ಕೂತು ನೋಡುತ್ತಿದ್ದಳು. ಈ ಸಲ ಬೇಡ ಅನ್ನಲಿಲ್ಲ. ಅವಳ ಹೆಜ್ಜೆಗಿಂತ ನನ್ನವು ಉದ್ದ ಇರಬೇಕಲ್ಲ, ಗಂಡಸು ನಾನು, ಖಣಿಯ ಹಲಗೆಯ ಮೇಲೆ ಓಡಾಡಿದವನು. ದೂರ ದೂರ ಕೆತ್ತಿದೆ. ಸಂಜೆ ಎದ್ದು ನಿಂತು ಮೊದಲ ರೊಟ್ಟಿಯಿಂದ ಎರಡನೆಯದಕ್ಕೆ ಕಾಲು ಚಾಚಿದೆ.

ತಲುಪಲಿಲ್ಲ.

ಕಾಲು ಗಾಳಿಯಲ್ಲೇ ನಿಂತಿತು. ಕೆಳಗೆ ಉಳಿದ ಕನ್ನಡಿಯಲ್ಲಿ ಗೂಡಿಗೆ ಹೋಗುವ ಹಕ್ಕಿಗಳು ಹಾದು ಹೋದವು. ನಾನು ಅಕ್ಕನ ಕಡೆ ನೋಡಲಿಲ್ಲ. ಅವಳೂ ನನ್ನ ಕಡೆ ನೋಡಲಿಲ್ಲ, ಕೌದಿಯ ಸೂಜಿಗೆ ದಾರ ಪೋಣಿಸುತ್ತಿದ್ದಳು. ನಾನು ಕಾಲು ಹಿಂದೆ ತೆಗೆದುಕೊಂಡು, ಕಂಬ ಹಿಡಿದು ಸಾವಕಾಶ ಕೆಳಗೆ ಕೂತು, ಉಳಿ ಎತ್ತಿಕೊಂಡೆ.

ಪ್ರತಿ ಎರಡರ ನಡುವೆ ಇನ್ನೊಂದೊಂದು ಕೆತ್ತುತ್ತಿದ್ದೇನೆ. ನೀನು ಮುಂದಿನ ಸಲ ಬಂದಾಗ ಒತ್ತೊತ್ತಾಗಿ ಕಂಡರೆ, ಅಂದಕ್ಕೆ ಎಂದು ತಿಳಿ.

ಇಂತಿ ನಿನ್ನ ಮಾಮ,
ಅಂಬರಾಯ